ವಿಭೂತಿ ಇಟ್ಟುಕೊಂಡ ನಾಯಿ

ಕಲ್ಯಾಣದುರ್ಗದ ಪೇಟೆ ಬೀದಿಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ಕೊಟ್ಟೂರಪ್ಪನವರ ಮನೆಯ ನಾಯಿ ಮಾಂಸ ಮುಟ್ಟುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಗೊತ್ತಾಗದೆ ಇರಲು ಕೊಟ್ಟೂರಪ್ಪನವರು ಬಿಡುತ್ತಿರಲಿಲ್ಲ. ಮಂಡಿಗೆ ಬಂದ ದಲ್ಲಾಳಿಗೆ, ಮನೆಗೆ ಬಂದ ಬೀಗರಿಗೆ, ಭಿಕ್ಷಕ್ಕೆ ಬಂದ ಅಯ್ಯನವರಿಗೆ, ಯುದ್ಧದ ಚಂದಾ ಕೇಳಲು ಬಂದ ರೆವಿನ್ಯೂ ಇನ್ಸ್‌ಪೆಕ್ಟರಿಗೂ ಮೊದಲು ಮಜ್ಜಿಗೆ ಕೊಡಿಸಿ ಆಮೇಲೆ ನಾಯಿಯನ್ನು ಕರೆಯುತ್ತಿದ್ದರು.

"ಇವ್ನು ನಮ್ಮ ದೊರೆ. ಹುಟ್ಟಿದ್ಮ್ಯಾಲೆ ಒಂದು ಮೂಳೆ ಮೂಸಿಲ್ಲ ಕಣಪ್ಪ. ಮುದ್ದೆ, ಮೊಸರನ್ನ, ಹಬ್ಬದ ದಿನ ಹೋಳಿಗೆ. ಅಷ್ಟೇಯ. ಹಿಂದಿನ ಜನ್ಮದಾಗೆ ಯಾವ್ದೋ ಮಠದ ಮರಿಸಾಮಿ ಆಗಿದ್ದಿರಬೇಕು."

ನಾಯಿ ಕೆಂಚಗೆ, ತೆಳ್ಳಗೆ ಇತ್ತು. ಬಿಳಿಯರ ಮೈಬಣ್ಣ ಎಂದು ಯಾರೋ ನಕ್ಕಿದ್ದಕ್ಕೆ ದೊರೆ ಎಂಬ ಹೆಸರು ಬಿದ್ದಿತ್ತು. ಬೆಳಿಗ್ಗೆ ಕೊಟ್ಟೂರಪ್ಪನವರು ಲಿಂಗಪೂಜೆಗೆ ಕುಳಿತು ಗಂಟೆ ಬಾರಿಸಿದರೆ ಅದು ಎಲ್ಲಿದ್ದರೂ ಓಡಿಬಂದು ಪೂಜೆ ಕೋಣೆಯ ಹೊಸ್ತಿಲ ಆಚೆ ಮುಂಗಾಲು ಚಾಚಿ ಕೂರುತ್ತಿತ್ತು. ಪೂಜೆ ಮುಗಿದ ಮೇಲೆ ಅವರು ಅದರ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಬಾಳೆಹಣ್ಣಿನ ಚೂರು ಸಿಗುತ್ತದೆ ಎಂದು ನಾಯಿ ಕೂರುತ್ತಿತ್ತು. ಭಕ್ತಿ ಎಂದು ಅವರು ತಿಳಿದಿದ್ದರು.

ಅದು ಮಾಂಸ ತಿನ್ನುತ್ತದೆ ಎಂದು ಆ ಮನೆಯವರಲ್ಲಿ ಗೊತ್ತಿದ್ದವಳು ಸೊಸೆ ಭ್ರಮರಾಂಬ ಒಬ್ಬಳೇ.

ನಾಯಿಯನ್ನು ಹಿಂದೂಪುರದ ತವರಿನಿಂದ ಮರಿಯಾಗಿದ್ದಾಗ ತಂದವಳೂ ಅವಳೇ. ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕಿದ್ದ ಕಾಲ. ಬುಟ್ಟಿಯಲ್ಲಿ ಸೌತೆಕಾಯಿ ಇದೆ ಎಂದು ಕಂಡಕ್ಟರಿಗೆ ಹೇಳಿದ್ದಳು. ಪೆನುಗೊಂಡೆ ದಾಟುವಷ್ಟರಲ್ಲಿ ಸೌತೆಕಾಯಿ ಬೊಗಳಿತು. ಬಸ್ಸಿನವರೆಲ್ಲ ನಕ್ಕರು, ಅವಳ ಗಂಡ ಮರುಳಸಿದ್ದಪ್ಪ ಮಾತ್ರ ಕಿಟಕಿಯಾಚೆ ಮುಖ ತಿರುಗಿಸಿ ಕೂತ.

ನಾಯಿಗೆ ಒಂದು ವರ್ಷ ತುಂಬಿದ್ದಾಗ ಅವಳು ಸಂತೆ ಮಾಳದ ಪಕ್ಕದ ಬಸವಣ್ಣನ ಗುಡಿಗೆ ಮನೆಗೆಲಸದ ಮುನೆಮ್ಮನ ಜೊತೆ ಹೋಗಿದ್ದಳು. ಮಾಳದ ತುದಿಯ ಹುಣಸೆಮರದ ಕೆಳಗೆ ಕುರಿ ಕಡಿದು ಮಾರುತ್ತಿದ್ದರು. ಕಡಿಯುವ ಕೊರಡಿನ ಬುಡದಲ್ಲಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ ಇಟ್ಟುಕೊಂಡು, ದೊರೆ ಒಂದು ಮೂಳೆಯನ್ನು ಮುಂಗಾಲಲ್ಲಿ ಒತ್ತಿ ಹಿಡಿದು ಕಣ್ಣು ಮುಚ್ಚಿ ಅಗಿಯುತ್ತಿತ್ತು.

"ಅಮ್ಮಾವ್ರೇ, ಅದು ನಮ್ಮ ಸಾಮೇರಲ್ವಾ?" ಎಂದಳು ಮುನೆಮ್ಮ.

"ಬಾಯಿ ಮುಚ್ಕಂಡು ನಡಿ," ಎಂದಳು ಭ್ರಮರಾಂಬ.

ಅಂದಿನಿಂದ ಪ್ರತಿ ಸಂತೆಯ ದಿನ ಮಧ್ಯಾಹ್ನ ಅವಳು ಹಿತ್ತಲ ಬಾಗಿಲಲ್ಲಿ ಒಂದು ಕಂಚಿನ ಬಟ್ಟಲಲ್ಲಿ ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ನೊರೆ ಮಾಡಿ ಇಟ್ಟುಕೊಂಡು ಕಾಯುತ್ತಿದ್ದಳು. ನಾಯಿ ಬಂದ ಕೂಡಲೇ ಹಿಡಿದು ಅದರ ಬಾಯಿ, ಮೀಸೆ, ಮುಂಗಾಲು ಉಜ್ಜಿ ತೊಳೆದು ಆಮೇಲೆ ಒಳಗೆ ಬಿಡುತ್ತಿದ್ದಳು. ಇದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ನಾಯಿ ಮಾಂಸ ತಿನ್ನುತ್ತದೆ, ಮಾವ ಮಾತಾಡುತ್ತಾರೆ. ಇಬ್ಬರೂ ಸುಖವಾಗಿದ್ದರು.

ಹೀಗೆ ಎರಡು ವರ್ಷ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಕಂಬದೂರಿನ ಕಡೆ ಒಂದು ಹುಚ್ಚು ನಾಯಿ ಕುರಿ ಕಾಯುವವನೊಬ್ಬನನ್ನು ಕಚ್ಚಿತು. ಗಾಯ ಮಾಯಿತು. ಅವನು ಕುರಿ ಹೊಡೆದುಕೊಂಡು ಮತ್ತೆ ಬೆಟ್ಟ ಹತ್ತಿದ. ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ನೀರಿನ ಚೊಂಬು ಕಂಡು ಕಿರುಚಿದ. ಅವನನ್ನು ಮಂಚಕ್ಕೆ ಕಟ್ಟಿ ಗಾಡಿಯಲ್ಲಿ ಕಲ್ಯಾಣದುರ್ಗದ ಆಸ್ಪತ್ರೆಗೆ ತಂದಾಗ ಪೇಟೆ ಬೀದಿಯವರೆಲ್ಲ ಜಗುಲಿಗೆ ಬಂದು ನೋಡಿದರು. ಅವನ ಹೆಂಡತಿ ಒದ್ದೆ ಬಟ್ಟೆಯನ್ನು ಅವನ ತುಟಿಯ ಹತ್ತಿರ ತಂದಳು. ಆಗ ಅವನು ಮಾಡಿದ ಸದ್ದು ಮನುಷ್ಯರದ್ದಾಗಿರಲಿಲ್ಲ. ಮಾರನೆಯ ದಿನ ಸತ್ತ. ಅಂದಿನಿಂದ ಊರಿನಲ್ಲಿ ಯಾರೂ ನಾಯಿಯನ್ನು ನಾಯಿಯ ಹಾಗೆ ನೋಡಲಿಲ್ಲ. ಹೆಂಗಸರು ಮಕ್ಕಳನ್ನು ಬಾಗಿಲಾಚೆ ಬಿಡಲಿಲ್ಲ. ಗಂಡಸರು ಕೈಯಲ್ಲಿ ದೊಣ್ಣೆ ಇಲ್ಲದೆ ಹೊಲಕ್ಕೆ ಹೋಗಲಿಲ್ಲ.

ಊರ ಕಾವಲಿನ ತಳಾರಿ ನರಸಪ್ಪ ತಮಟೆ ಹೊಡೆದುಕೊಂಡು ಬೀದಿಗೆ ಬಂದ. "ಇಂದುಮೂಲಂಗಾ ಅಂದರಿಕೀ ತೆಲಿಯಜೇಯುನದೇಮನಗಾ" ಎಂದು ತೆಲುಗಿನಲ್ಲಿ ಕೂಗಿ, ಕನ್ನಡದವರ ಜಗುಲಿಗಳ ಮುಂದೆ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದ. ಪಂಚಾಯ್ತಿ ಬೋರ್ಡಿನವರು ಮಾಂಸದ ಚೂರಿಗೆ ವಿಷ ಇಟ್ಟು ಸಂತೆ ಮಾಳದಲ್ಲಿ, ಕೆರೆಯ ದಂಡೆಯಲ್ಲಿ ಹಾಕುತ್ತಾರೆ. ಸಾಕಿದ ನಾಯಿ ಇರುವವರು ಮನೆಯಲ್ಲಿ ಕಟ್ಟಿಕೊಳ್ಳಬೇಕು. ಬೀದಿಗೆ ಬಂದು ತಿಂದು ಸತ್ತರೆ ಬೋರ್ಡಿನವರು ಜವಾಬ್ದಾರರಲ್ಲ.

ಭ್ರಮರಾಂಬ ಹಿತ್ತಲಿಗೆ ಹೋಗಿ ನಾಯಿ ಇದೆಯೇ ಎಂದು ನೋಡಿದಳು. ಕಲ್ಯಾಣದುರ್ಗದಲ್ಲಿ ಇದು ಹೊಸದು. ಹಿಂದೂಪುರದಲ್ಲಿ ಅವಳು ಇದನ್ನು ನೋಡುತ್ತಾ ಬೆಳೆದವಳು. ಅಲ್ಲಿ ಬೇಸಿಗೆ ಬಂದರೆ ಮುನ್ಸಿಪಾಲಿಟಿಯವರು ಬೀದಿ ನಾಯಿಗಳಿಗೆ ವಿಷ ಹಾಕುತ್ತಿದ್ದರು. ತಿಂದ ನಾಯಿ ಕೂಡಲೇ ಬೀಳುವುದಿಲ್ಲ. ಮೊದಲು ಕಾಲು ಸೆಟೆಯುತ್ತದೆ. ಮಂಡಿ ಮಡಚಲಾಗದೆ ಮರದ ಕುದುರೆಯ ಹಾಗೆ ನಡೆಯುತ್ತದೆ. ಎಲ್ಲೋ ಒಂದು ಬಾಗಿಲು ಬಡಿದರೆ, ಯಾರಾದರೂ ಕೂಗಿದರೆ, ಬಿದ್ದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ, ತುಟಿ ಹಿಂದಕ್ಕೆ ಸರಿದು ಹಲ್ಲೆಲ್ಲ ಕಾಣುತ್ತದೆ. ಆಗಲೂ ಅದರ ಕಣ್ಣು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿರುತ್ತದೆ. ಬಾಲ್ಯದಲ್ಲಿ ಅವಳನ್ನು ಹೆದರಿಸಿದ್ದು ಆ ಕಣ್ಣು.

ಒಂದು ನಾಯಿ ಮಾತ್ರ ಬದುಕಿದ್ದನ್ನು ನೋಡಿದ್ದಳು. ತವರು ಮನೆಯ ಹಿಂದಿನ ಬೀದಿಯಲ್ಲಿ ನೇಯ್ಗೆಯವರಿದ್ದರು. ಅಲ್ಲಿನ ಶಂಕರಯ್ಯನ ನಾಯಿ ಮನೆಗೆ ಬಂದು ಬಿದ್ದಿತು. ಅದು ಸೆಳೆಯುವುದನ್ನು ನೋಡಲಾರದೆ ಶಂಕರಯ್ಯ ಅದನ್ನು ಮಗ್ಗದ ಗುಂಡಿಯೊಳಗೆ ಇಳಿಸಿ, ಮೇಲೆ ಕಂಬಳಿ ಮುಚ್ಚಿ, ಮಗ್ಗ ನಿಲ್ಲಿಸಿ, ಮನೆಯವರನ್ನೆಲ್ಲ ಆಚೆ ಕಳಿಸಿ ಜಗುಲಿಯ ಮೇಲೆ ತಲೆ ಹಿಡಿದುಕೊಂಡು ಕೂತ. ಸಾಯಲಿ ಎಂದೇ ಕೂತಿದ್ದ. ಬೆಳಿಗ್ಗೆ ಹೂಳಲು ಹಾರೆ ತಂದು ಕಂಬಳಿ ಎತ್ತಿದರೆ ನಾಯಿ ಎದ್ದು ನಿಂತಿತ್ತು. ಕತ್ತಲೆ, ಸದ್ದಿಲ್ಲದ ಜಾಗ. ಅದಷ್ಟೇ ಅವಳ ತಲೆಯಲ್ಲಿ ಉಳಿದಿತ್ತು.

ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ ಅವಳು ಹೇಳಿದಳು: "ಮಾವ, ದೊರೇನ ಕಟ್ಟಿ ಹಾಕನ. ತಮಟೆ ಹೊಡ್ದವ್ರೆ."

"ಯಾಕಮ್ಮ?" ಎಂದರು ಕೊಟ್ಟೂರಪ್ಪನವರು. "ಅವ್ರು ವಿಷ ಹಾಕೋದು ಮಾಂಸಕ್ಕೆ. ಕಟ್ಕಳೋರು ಕಟ್ಕಳ್ಳಿ. ನಮ್ಮನೆ ನಾಯಿಗೂ ಅದಕ್ಕೂ ಏನು ಸಂಬಂಧ?"

"ಅಕಸ್ಮಾತ್ತು ಬಾಯಿ ಹಾಕಿದ್ರೆ?"

ಅವರು ತುತ್ತು ಕೆಳಗಿಟ್ಟರು. ಅತ್ತೆ ವೀರಭದ್ರಮ್ಮ ಅಡುಗೆಮನೆಯಿಂದಲೇ ಅಂದಳು: "ನಿಮ್ಮ ಹಿಂದೂಪುರದಾಗೆ ಹಾಕ್ತವೇನೋ ಕಣೆ. ಇದು ಲಿಂಗವಂತ್ರ ಮನೆ ಅನ್ನ ತಿಂದು ಬೆಳೆದಿರೋ ನಾಯಿ."

"ನಮ್ಮಪ್ಪನ ಮನೆಯೇನು ಬೇರೆಯಾ ಅತ್ತೆ?"

"ನಾನು ಊರಿನ ಮಾತು ಆಡಿದ್ದು. ಸಾರು ಬಡ್ಸು."

ಭ್ರಮರಾಂಬ ಸಾರು ಬಡಿಸಿದಳು. ಗಂಡ ಬೆಲ್ಲ ಕೊಳ್ಳಲು ಹಿಂದೂಪುರಕ್ಕೆ ಹೋಗಿದ್ದ. ಇದ್ದಿದ್ದರೂ ಅಪ್ಪನ ಎದುರು ಅವನ ಬಾಯಿ ಏಳುತ್ತಿರಲಿಲ್ಲ.

ಸಂತೆಯ ದಿನ ಬೆಳಕು ಹರಿಯುವ ಮೊದಲೇ ಅವಳು ನಾಯಿಯನ್ನು ಕೊಟ್ಟಿಗೆಯ ಗೂಟಕ್ಕೆ ಕರುವಿನ ಹಗ್ಗದಲ್ಲಿ ಕಟ್ಟಿದಳು. ಎರಡು ಗಂಟು ಹಾಕಿದಳು. ಒಳಗೆ ಪೂಜೆಯ ಗಂಟೆ ಮೊಳಗಿತು. ಹೋಗಲಾಗದ ನಾಯಿ ಕುತ್ತಿಗೆ ಎತ್ತಿ ಊಳಿಡತೊಡಗಿತು. ಅವಳು ಅದರ ಬಾಯಿ ಹಿಡಿದಳು, ಬೆಲ್ಲ ಕೊಟ್ಟಳು, ಬೈದಳು. ಊಳು ನಿಲ್ಲಲಿಲ್ಲ. ಪೂಜೆ ಮುಗಿಸಿದ ಕೊಟ್ಟೂರಪ್ಪನವರು ಮಡಿಬಟ್ಟೆಯಲ್ಲೇ ಕೊಟ್ಟಿಗೆಗೆ ಬಂದರು.

"ಪೂಜೆ ಹೊತ್ತಿಗೆ ಊಳಿಟ್ರೆ ಮನೆಗೆ ಒಳ್ಳೇದಾಯ್ತದಾ? ಯಾರು ಕಟ್ಟಿದ್ದು ಇದನ್ನ?"

"ನಾನೇ ಮಾವ. ಇವತ್ತೊಂದು ದಿನ ಇರ್ಲಿ."

"ಮಠದ ಮರೀನ ಕಳ್ಳನಂಗೆ ಕಟ್ಟಿದ್ದೀಯ." ಅವರು ತಾವೇ ಬಗ್ಗಿ ಗಂಟು ಬಿಚ್ಚಿದರು, ಅದರ ಹಣೆಗೆ ವಿಭೂತಿ ಇಟ್ಟರು. ನಾಯಿ ಬಾಳೆಹಣ್ಣು ತಿಂದಿತು, ಮೈ ಕೊಡವಿತು, ಹಿತ್ತಲ ಬೇಲಿಯ ಸಂದಿಯಲ್ಲಿ ನುಸುಳಿ ಹೋಯಿತು.

ಹೇಳಿಬಿಡಬೇಕಿತ್ತು. ನಿಂತಲ್ಲೇ ಹೇಳಿಬಿಡಬಹುದಿತ್ತು. ಅವಳು ಮುನೆಮ್ಮನನ್ನು ಸಂತೆಗೆ ಓಡಿಸಿದಳು. ಮುನೆಮ್ಮ ಬಿಸಿಲಲ್ಲಿ ಮಾಳವೆಲ್ಲ ಸುತ್ತಿ ಬಂದು, ಹುಣಸೆಮರದ ಕೆಳಗೆ ಇಲ್ಲ, ಕೆರೆಯ ಕಡೆ ಎರಡು ಬೀದಿ ನಾಯಿ ಸತ್ತು ಬಿದ್ದಿವೆ, ಅವು ನಮ್ಮವಲ್ಲ ಎಂದಳು.

ಭ್ರಮರಾಂಬ ಹಿತ್ತಲ ಬಾಗಿಲಲ್ಲಿ ಅಂಟುವಾಳದ ನೀರಿನ ಬಟ್ಟಲು ಇಟ್ಟುಕೊಂಡು ಕೂತಳು. ರೂಢಿಯಿಂದ ಅದನ್ನೇ ಮಾಡಿದ್ದಳು. ನೊರೆ ಒಡೆದು ನೀರು ಕಂದು ಬಣ್ಣಕ್ಕೆ ತಿರುಗಿತು. ಒಳಗೆ ಅತ್ತೆ ಹುಣಸೆಹಣ್ಣು ಕುಟ್ಟುತ್ತಿದ್ದಳು. ಬೇಲಿಯ ಕಡೆ ಎಲೆ ಅಲುಗಿದರೆ ಅವಳು ಎದ್ದು ನಿಲ್ಲುತ್ತಿದ್ದಳು. ಓತಿಕ್ಯಾತ ಬಂತು. ಪಕ್ಕದ ಮನೆಯ ಕೋಳಿ ಬಂತು. ಆಮೇಲೆ ದೊರೆ ಬಂತು.

ಬೇಲಿ ನುಸುಳುವಾಗ ಅದು ಎರಡು ಸಲ ತಡವರಿಸಿತು. ಈಚೆ ಬಂದು ನಿಂತು ಅವಳನ್ನು ನೋಡಿ ಬಾಲ ಅಲ್ಲಾಡಿಸಲು ನೋಡಿತು. ಬಾಲ ಅಲ್ಲಾಡಲಿಲ್ಲ. ಮುಂಗಾಲು ಎತ್ತಿತು, ಮಂಡಿ ಮಡಚಲಿಲ್ಲ. ಮರದ ಕುದುರೆಯ ಹಾಗೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹಣೆಯ ಮೇಲೆ ಬೆಳಗಿನ ವಿಭೂತಿ ಹಾಗೇ ಇತ್ತು.

ಒಳಗೆ ಅತ್ತೆ ಒನಕೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ನಾಯಿ ಯಾರೋ ಹೊಡೆದುರುಳಿಸಿದಂತೆ ಅಡ್ಡ ಬಿದ್ದು ಬೆನ್ನು ಹಿಂದಕ್ಕೆ ಬಾಗಿಸಿತು. ನಾಲ್ಕು ಕಾಲೂ ಕಡ್ಡಿಯಾದವು. ತುಟಿ ಹಿಂದಕ್ಕೆ ಸರಿಯಿತು. ಕಣ್ಣು ಅವಳ ಮೇಲಿತ್ತು.

ಸೆಳೆತ ಸಡಿಲವಾಗುವವರೆಗೆ ಅವಳು ಕದಲಲಿಲ್ಲ. ಸಡಿಲವಾದ ಕೂಡಲೇ ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ದವಡೆಯ ಪಕ್ಕದಲ್ಲಿ ಬೆರಳು ತೂರಿಸಿ ಬಾಯಿ ತೆರೆದು, ವಾಂತಿಯಾಗಲೆಂದು ಬಟ್ಟಲಿನ ಅಂಟುವಾಳದ ನೀರನ್ನು ಹುಯ್ದಳು. ಅರ್ಧ ಅವಳ ಸೀರೆಯ ಮೇಲೆ ಹೋಯಿತು. ಇನ್ನಷ್ಟು ಹುಯ್ದಳು. ಅಷ್ಟರಲ್ಲಿ ದವಡೆ ಕಚ್ಚಿಕೊಂಡಿತು. ಬೆರಳು ಎಳೆದುಕೊಂಡಾಗ ಹೆಬ್ಬೆರಳಿನ ಬುಡದಲ್ಲಿ ಚರ್ಮ ಸೀಳಿ ರಕ್ತ ಬರುತ್ತಿತ್ತು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ಬಾಗಿಲಿಗೆ ಬಂದ ಅತ್ತೆ ನಾಯಿಯ ಹಲ್ಲು, ಬಾಯಿಂದ ಇಳಿಯುತ್ತಿದ್ದ ನೊರೆ ನೋಡಿದಳು. ಅಂಟುವಾಳದ ನೊರೆ ಎಂದು ಅವಳಿಗೇನು ಗೊತ್ತು.

"ಅಯ್ಯಯ್ಯೋ, ಹುಚ್ಚು ಹಿಡ್ದೈತೆ ಕಣ್ರೋ. ಸೊಸೆ ಕೂತವ್ಳೆ ಅದ್ರ ಜೊತೆಗೆ. ಯಾರಾದ್ರೂ ಬರ್ರೋ."

ಆ ಕೂಗಿಗೆ ನಾಯಿ ಮತ್ತೆ ಸೆಟೆಯಿತು.

"ಅತ್ತೆ, ಕೂಗ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಕೂಗ್ಬೇಡಿ."

ಕೂಗಿಗೆ ಮೊದಲು ಬಂದವನು ಪಕ್ಕದ ಮನೆಯ ತೋಟಪ್ಪ. ಕೈಯಲ್ಲಿ ಬಾಗಿಲ ಅಗುಳಿಯ ಮರ ಇತ್ತು. ಹಿಂದೆಯೇ, ಸತ್ತ ನಾಯಿಗಳನ್ನು ಎಳೆಯಲು ಬೀದಿ ಸುತ್ತುತ್ತಿದ್ದ ತಳಾರಿ ನರಸಪ್ಪ ಹಗ್ಗ ಹಿಡಿದು ಬೇಲಿಯ ಆಚೆ ನಿಂತ. "ಪಿಚ್ಚಿಕುಕ್ಕ, ಪಿಚ್ಚಿಕುಕ್ಕ", ಹುಚ್ಚು ನಾಯಿ ಎಂದು ಬೀದಿಯಲ್ಲಿ ಹುಡುಗರು ತೆಲುಗಿನಲ್ಲಿ ಕೂಗಿದರು. ತೋಟಪ್ಪ ಅಗುಳಿ ಎತ್ತಿಕೊಂಡೇ ನಾಲ್ಕು ಹೆಜ್ಜೆ ಬಂದ. ಭಯದಿಂದ ಅವನ ಮುಖ ಬೆವರಿತ್ತು. ಅಂಥವನು ಎಲ್ಲಿ ಹೊಡೆಯುತ್ತಾನೋ ಹೇಳಲಾಗುವುದಿಲ್ಲ.

"ಎದ್ದು ಈಚೆ ಬಾರಮ್ಮ."

"ಹುಚ್ಚಲ್ಲ ತೋಟಪ್ಪಣ್ಣ. ವಿಷ ತಿಂದೈತೆ."

ಮಂಡಿಯಿಂದ ಕೊಟ್ಟೂರಪ್ಪನವರು ಬಂದು ಬಾಗಿಲಲ್ಲಿ ನಿಂತಿದ್ದರು. ನಾಯಿಯನ್ನು ನೋಡಿದರು. ಅವರ ಮುಖ ಬೂದಿಯಾಯಿತು.

"ವಿಷ ಹೆಂಗೆ ತಿಂತದೆ? ವಿಷ ಇಟ್ಟಿರೋದು ಮಾಂಸದಾಗೆ."

"ಮಾವ..."

"ಮಾಂಸ ಮುಟ್ಟದ ನಾಯಿ ವಿಷ ಹೆಂಗೆ ತಿಂತದೆ ಹೇಳು. ಹುಚ್ಚೇ ಹಿಡಿದಿರೋದು." ಅವರ ದನಿ ಒಡೆಯಿತು. "ಆ ಕುರಿಯೋನ್ನ ನೋಡ್ಲಿಲ್ವಾ ನೀನು? ಎದ್ದು ಬಾ. ತೋಟಪ್ಪ, ನರಳಿಸ್ಬೇಡ. ಒಂದೇ ಏಟಿಗೆ."

ಅವರು ಕೆಟ್ಟವರಾಗಿರಲಿಲ್ಲ. ಹೆದರಿದ್ದರು. ಹೆದರಿಕೆಯಲ್ಲಿ ಅವರಿಗೆ ತಾವು ಎಲ್ಲರಿಗೂ ಹೇಳಿಕೊಂಡು ಬಂದ ಮಾತೊಂದೇ ನಿಜವಾಗಿ ಕಂಡಿತು.

ಆ ಹೊತ್ತಿಗೆ ನಾಯಿಯ ಹೊಟ್ಟೆ ಒಳಕ್ಕೆ ಎಳೆದುಕೊಂಡಿತು. ಕುತ್ತಿಗೆ ಚಾಚಿತು. ಕಂದು ನೀರಿನ ಜೊತೆ ಬೆಳಗಿನ ಬಾಳೆಹಣ್ಣು, ಅದರ ಹಿಂದೆ ಅಗಿಯದೆ ನುಂಗಿದ್ದ ಮಾಂಸದ ಚೂರುಗಳು ಹಿತ್ತಲ ನೆಲದ ಮೇಲೆ ಬಿದ್ದವು. ನೊಣ ಬಂದು ಕೂತವು. ವೀರಭದ್ರಮ್ಮ ಮೂಗಿಗೆ ಸೆರಗು ಹಿಡಿದಳು.

ಕೊಟ್ಟೂರಪ್ಪನವರು ಅದನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ನೋಡಿದ್ರಾ? ಬುದ್ಧಿ ನೆಟ್ಟಗಿದ್ರೆ ಅದು ಮಾಂಸಕ್ಕೆ ಬಾಯಿ ಹಾಕ್ತಿತ್ತಾ? ಮೊದ್ಲು ಹುಚ್ಚು ಹಿಡೀತು. ಆಮ್ಯಾಲೆ ಮಾಂಸ ತಿಂತು."

ತೋಟಪ್ಪ ತಲೆಯಾಡಿಸಿದ. ಅವನಿಗೆ ಅದು ಸರಿ ಎನ್ನಿಸಿತು. ಅಗುಳಿ ಮತ್ತೆ ಮೇಲಕ್ಕೆ ಹೋಯಿತು.

ಭ್ರಮರಾಂಬ ನಾಯಿಯ ತಲೆಯ ಮೇಲೆ ಬಗ್ಗಿಕೊಂಡಳು. ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಏರಿಸಿದರೆ ನಾಯಿ ಸೆಟೆಯುತ್ತಿತ್ತು.

"ಪ್ರತಿ ಸಂತೆ ದಿನ ತಿಂತಾನೆ ಮಾವ. ವರ್ಷದ ಮರಿ ಆಗಿದ್ದಾಗಿಂದ ತಿಂತಾನೆ. ಹುಣಸೆಮರದ ಕೆಳ್ಗೆ. ನಾನೇ ಇಲ್ಲಿ ಬಾಯಿ ತೊಳ್ದು ಒಳಗೆ ಬಿಡ್ತಿದ್ದೆ. ಈ ಬಟ್ಲು ಅದಕ್ಕೇ ಇಟ್ಟಿರೋದು. ಇದು ಹುಚ್ಚಿನ ನೊರೆ ಅಲ್ಲ, ಅಂಟುವಾಳದ್ದು."

ವೀರಭದ್ರಮ್ಮ ಅಂದಳು: "ಏನೇ ಹೇಳ್ತಿದ್ದೀಯ ನೀನು. ಪೂಜೆ ಕೋಣೆ ಮುಂದೆ ಕೂತ್ಕಳೋ ನಾಯಿ."

"ಹೂಂ ಅತ್ತೆ."

ಕೊಟ್ಟೂರಪ್ಪನವರು ಬೇಲಿಯ ಕಡೆ ತಿರುಗಿದರು. ಯಾರಾದರೂ ಇಲ್ಲ ಎನ್ನಲಿ ಎಂಬ ಹಾಗಿತ್ತು ಆ ನೋಟ. "ಏನ್ಲಾ ನರಸಪ್ಪ?"

ನರಸಪ್ಪ ಹಗ್ಗವನ್ನು ಕೈಯಿಂದ ಕೈಗೆ ಬದಲಾಯಿಸಿದ. "ನನ್ನ ಕೇಳಿದ್ರೆ ಹೆಂಗೆ ಸಾವ್ಕಾರ್ರೆ. ಕುರಿ ಕಡಿಯೋನು ಅದಕ್ಕೇ ಅಂತ ಮೂಳೆ ಎತ್ತಿಡ್ತಾನೆ. ವಿಭೂತಿ ಸಾಮಿ ಅಂತ ಹೆಸರಿಟ್ಟವ್ರೆ ಅಲ್ಲಿ. ಊರಿಗೆಲ್ಲಾ ಗೊತ್ತು."

"ನಿಂಗೂ ಗೊತ್ತಿತ್ತೇನೋ ತೋಟಪ್ಪ?"

ತೋಟಪ್ಪ ಅಗುಳಿಯನ್ನು ನೋಡಿಕೊಂಡ. "ನಾವು ಒಂದ್ಸಲ ನೋಡಿದ್ವಿ ಕೊಟ್ಟೂರಣ್ಣ. ನೀನು ಅಷ್ಟು ಖುಷಿಯಾಗಿ ಹೇಳ್ಕಂತಿದ್ದೆ... ಯಾರು ಹೇಳ್ತಾರೆ." ಅಗುಳಿ ಕೆಳಗಿಳಿಸಿ ಕೇಳಿದ: "ಈಗ ಏನ್ ಮಾಡನ? ಹೊಡಿಯನಾ, ಬ್ಯಾಡ್ವಾ?"

"ಮನೆಗೆ ಹೋಗಪ್ಪ," ಎಂದರು ಕೊಟ್ಟೂರಪ್ಪನವರು. ಆಮೇಲೆ ಒಳಗೆ ಹೋದರು. ಅವರ ಹೆಗಲ ಮೇಲಿನ ವಸ್ತ್ರ ಬಾಗಿಲ ಚಿಲಕಕ್ಕೆ ಸಿಕ್ಕಿ ಉಳಿಯಿತು, ಅವರು ಅದನ್ನು ಬಿಡಿಸಿಕೊಳ್ಳಲು ತಿರುಗಲಿಲ್ಲ.

ಭ್ರಮರಾಂಬ ನಾಯಿಯನ್ನು ಗೋಣಿಚೀಲದ ಮೇಲೆ ಎಳೆದುಕೊಂಡು, ಮುನೆಮ್ಮನ ಕೈಯಲ್ಲಿ ಒಂದು ತುದಿ ಹಿಡಿಸಿ, ಮನೆಗೆ ಅಂಟಿಕೊಂಡಿದ್ದ ಕಡಲೆಕಾಯಿ ಉಗ್ರಾಣಕ್ಕೆ ಸಾಗಿಸಿದಳು. ಕಿಟಕಿ ಇಲ್ಲದ ಕೋಣೆ. ಮೂರು ಕಡೆ ಮೂಟೆ ಅಟ್ಟಿದ್ದರಿಂದ ಬೀದಿಯ ಸದ್ದು ಅಷ್ಟಾಗಿ ಬರುತ್ತಿರಲಿಲ್ಲ. ಬಾಗಿಲ ಸಂದಿಗೆ ಗೋಣಿ ತುರುಕಿ, ಮುನೆಮ್ಮನನ್ನು ಆಚೆ ಕಳಿಸಿ ಅವಳು ಮೂಟೆಗೆ ಒರಗಿ ಕೂತಳು. ತನ್ನ ಬಳೆ ಸದ್ದು ಮಾಡುತ್ತದೆ ಎಂದು ಗೊತ್ತಾದಾಗ ಸೆರಗಿನ ಅಂಚು ಹರಿದು ಬಳೆಗಳನ್ನು ಸುತ್ತಿ ಕಟ್ಟಿದಳು.

ಕತ್ತಲಲ್ಲಿ ನಾಯಿಯ ಉಸಿರು ಮಾತ್ರ ಕೇಳುತ್ತಿತ್ತು. ಒಂದು ಇಲಿ ಮೂಟೆ ಕೆರೆಯಿತು, ನಾಯಿ ಸೆಟೆಯಿತು. ಕೊಟ್ಟಿಗೆಯಲ್ಲಿ ಎತ್ತು ಸರಪಳಿ ಎಳೆಯಿತು, ನಾಯಿ ಸೆಟೆಯಿತು. ಪ್ರತಿ ಸಲವೂ ಉಸಿರು ನಿಂತು, ಇನ್ನು ಬರುವುದಿಲ್ಲ ಎನ್ನುವಷ್ಟು ಹೊತ್ತು ನಿಂತು, ಮತ್ತೆ ಬರುತ್ತಿತ್ತು. ಅವಳು ತನ್ನ ಉಸಿರನ್ನೂ ಹಿಡಿದು ಕಾಯುತ್ತಿದ್ದಳು.

ಹೆಬ್ಬೆರಳಿನ ಬುಡ ಮಿಡಿಯತೊಡಗಿತು. ಆಗ ಇನ್ನೊಂದು ಭಯ ಬಂತು. ವಿಷ ತಿಂದಿದೆ, ಸರಿ. ಮಾಂಸ ಕಣ್ಣಾರೆ ಕಂಡಿದೆ. ಆದರೆ ಹುಚ್ಚು ಹಿಡಿದ ನಾಯಿ ವಿಷ ತಿನ್ನಬಾರದು ಎಂದೇನಿದೆ? ಕೆರೆಯ ಕಡೆ ಸತ್ತು ಬಿದ್ದ ಆ ಬೀದಿ ನಾಯಿಗಳ ಜೊತೆ ದೊರೆ ಕಚ್ಚಾಡಿರಲಿಲ್ಲ ಎಂದು ಯಾರು ಹೇಳುತ್ತಾರೆ? ಮಾವ ಹೇಳಿದ್ದು ಅರ್ಧ ನಿಜವಾಗಿದ್ದರೆ? ಹೊಟ್ಟೆಗೆ ಚುಚ್ಚುವ ಸೂಜಿ, ಮಂಚಕ್ಕೆ ಕಟ್ಟಿದ ಕುರಿಯವನು, ಅವನ ಹೆಂಡತಿಯ ಕೈಯಲ್ಲಿದ್ದ ಒದ್ದೆ ಬಟ್ಟೆ. ಅವಳು ಬಾಯಿ ಒಣಗಿದ್ದನ್ನು ಗಮನಿಸಿದಳು. ನೀರು ಕುಡಿಯಬೇಕು ಎನ್ನಿಸಿತು. ಎನ್ನಿಸಿದ್ದಕ್ಕೆ ಸಮಾಧಾನವೂ ಆಯಿತು. ಅಷ್ಟು ಬೇಗ ಬರುವ ರೋಗ ಅಲ್ಲ ಅದು ಎಂದು ಗೊತ್ತಿದ್ದೂ ಆಯಿತು.

ಈ ನಾಯಿ ಸತ್ತರೆ ಯಾವುದರಿಂದ ಸತ್ತಿತು ಎಂದು ಯಾವತ್ತೂ ತಿಳಿಯುವುದಿಲ್ಲ. ಬದುಕಿದರೆ ತಾನೂ ಬದುಕಿದಂತೆ. ಇಬ್ಬರದೂ ಒಂದೇ ಆಯಿತು ಈಗ.

ದೀಪ ಹಚ್ಚುವ ಹೊತ್ತಾಯಿತು. ಆಗ ಅವಳಿಗೆ ನೆನಪಾಯಿತು. ಉಗ್ರಾಣದ ಗೋಡೆಯ ಆಚೆಯೇ ಪೂಜೆ ಕೋಣೆ. ಸಂಜೆ ಪೂಜೆಗೆ ಮಾವ ಗಂಟೆ ಬಾರಿಸುತ್ತಾರೆ. ಮಗ ಹುಟ್ಟಿದ ದಿನ, ಅವರ ತಾಯಿ ಹೋದ ದಿನ, ಯಾವತ್ತೂ ತಪ್ಪಿಸಿದವರಲ್ಲ. ದಪ್ಪ ಕಂಚಿನ ಗಂಟೆ, ಬೀದಿಯ ತುದಿಗೆ ಕೇಳುತ್ತದೆ. ಎದ್ದು ಹೋಗಿ ಬೇಡ ಎನ್ನಬೇಕು. ಬಾಗಿಲು ತೆರೆದರೆ ಕಿರುಗುಟ್ಟುತ್ತದೆ, ಬೆಳಕು ಬೀಳುತ್ತದೆ. ಮತ್ತೆ ಇವತ್ತು, ಈ ಮಧ್ಯಾಹ್ನದ ಮೇಲೆ, ಯಾವ ಮುಖ ಹೊತ್ತು ಅವರ ಮುಂದೆ ನಿಂತು ದೇವರ ಗಂಟೆ ನಿಲ್ಲಿಸಿ ಎನ್ನುವುದು?

ಗೋಡೆಯಾಚೆ ಮಣೆ ಎಳೆದ ಸದ್ದು ಬಂತು. ತಂಬಿಗೆ ಇಟ್ಟ ಸದ್ದು. ಅವಳು ನಾಯಿಯ ಎರಡು ಕಿವಿಗಳ ಮೇಲೆ ಕೈ ಒತ್ತಿ ಹಿಡಿದಳು. ಮಂತ್ರದ ಗುಣುಗುಣು ಏರಿತು, ಇಳಿಯಿತು. ಈಗ.

ಗಂಟೆ ಒಂದು ಸಲ ಮೊಳಗಿತು.

ನಾಯಿ ಅವಳ ಕೈಯೊಳಗೆ ಬಿಲ್ಲಾಯಿತು. ತಲೆ ಬಾಲಕ್ಕೆ ತಾಗುತ್ತದೆ ಎನ್ನುವಷ್ಟು ಬಾಗಿತು. ಉಸಿರು ನಿಂತಿತು. ಅವಳು ಎರಡನೆಯ ಸದ್ದಿಗೆ ಕಣ್ಣು ಮುಚ್ಚಿ ಕಾದಳು. ಎರಡನೆಯದು ಬರಲಿಲ್ಲ. ಗಂಟೆಯ ನಾಲಿಗೆಯನ್ನು ಯಾರೋ ಬೆರಳಲ್ಲಿ ಹಿಡಿದಂತೆ ಮೊದಲ ಸದ್ದೂ ಅರ್ಧಕ್ಕೇ ಕಡಿದುಹೋಗಿತ್ತು.

ಅತ್ತೆಯ ದನಿ ಕೇಳಿತು. "ಯಾಕೆ, ಗಂಟೆ ಬಾರ್ಸಲ್ವಾ?"

"ಕೈ ನೋಯ್ತೈತೆ ಕಣೆ."

"ಬೆಳಿಗ್ಗೆ ನೆಟ್ಟಗಿತ್ತು."

"ಮೆತ್ತಗೆ ಮಾತಾಡು," ಎಂದರು ಕೊಟ್ಟೂರಪ್ಪನವರು.

ಆಮೇಲೆ ಆ ಮನೆಯಲ್ಲಿ ಪಾತ್ರೆಯ ಸದ್ದೂ ಕೇಳಲಿಲ್ಲ. ನಾಯಿಯ ಉಸಿರು ಮರಳಿ ಬಂತು. ಸೆಳೆತದ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ಯಾವಾಗಲೋ ಅವಳಿಗೆ ಕೂತಲ್ಲೇ ಜೊಂಪು ಹತ್ತಿತು.

ಬೆಳಿಗ್ಗೆ ಬಾಗಿಲು ಒಂದು ಗೇಣು ತೆರೆಯಿತು. ಕೊಟ್ಟೂರಪ್ಪನವರು ಒಳಗೆ ಬರಲಿಲ್ಲ. ಒಂದು ಮಣ್ಣಿನ ಬೋಗುಣಿಯಲ್ಲಿ ನೀರು ತಂದು ಹೊಸ್ತಿಲೊಳಗೆ ಇಟ್ಟು, ಪಕ್ಕಕ್ಕೆ ಸರಿದು ನಿಂತರು. ಹುಚ್ಚೋ ವಿಷವೋ ಎಂಬ ಅದೇ ಪ್ರಶ್ನೆ ಅವರಿಗೂ ಇತ್ತು.

ನಾಯಿ ಮಲಗಿದ್ದಲ್ಲಿಂದ ತಲೆ ಎತ್ತಿತು. ಬೋಗುಣಿ ನೋಡಿತು. ಭ್ರಮರಾಂಬನ ಕಣ್ಣಿಗೆ ಕುರಿಯವನ ಮಂಚ ಕಟ್ಟಿತು. ನಾಯಿ ಎದ್ದು ನಿಂತಿತು, ಹಿಂಗಾಲು ಕುಸಿದು ಕೂತಿತು, ಮತ್ತೆ ಎದ್ದಿತು. ನಾಲ್ಕು ಹೆಜ್ಜೆಯ ದಾರಿಯನ್ನು ಮೂರು ಕಡೆ ನಿಂತು ನಡೆಯಿತು. ಬೋಗುಣಿಯ ಮೇಲೆ ಬಗ್ಗಿ ಮೂಸಿತು. ಆಮೇಲೆ ಲೊಚಲೊಚ ಕುಡಿಯಿತು. ಬೋಗುಣಿ ಖಾಲಿಯಾಗುವವರೆಗೆ ಕುಡಿದು, ತಳವನ್ನೂ ನೆಕ್ಕಿತು.

"ಕುಡೀತಾ?" ಎಂದರು ಬಾಗಿಲ ಮರೆಯಿಂದ.

"ಕುಡೀತು ಮಾವ."

ಅವರು ಕೇಳಿದರು: "ನಿನ್ನ ಕೈ ಹೆಂಗೈತೆ?"

ಸೆರಗಿನಲ್ಲಿ ಮುಚ್ಚಿಕೊಂಡಿದ್ದನ್ನು ಅವರು ನೋಡಿದ್ದರು. "ಗಾಯ ಏನಿಲ್ಲ ಮಾವ. ಗೀರಿದ್ದು."

"ಆಸ್ಪತ್ರೆಗೆ ಹೋಗಿ ತೋರ್ಸ್ಕಂಡು ಬಾ. ಮುನೆಮ್ಮನ್ನ ಕರ್ಕಂಡು ಹೋಗು." ಹೊರಟವರು ನಿಂತು ಹೇಳಿದರು: "ಅದು ಇನ್ಮ್ಯಾಲೆ ಪೂಜೆ ಕೋಣೆ ತಾವ ಬರಕೂಡ್ದು."

ಬರಕೂಡದು ಎಂದರೆ ನಾಯಿಗೆ ತಿಳಿಯುತ್ತದೆಯೇ. ಮೈಯಲ್ಲಿ ಬಲ ಬಂದ ಮೇಲೆ ಗಂಟೆ ಕೇಳಿದ ಕೂಡಲೇ ಅದು ಹೋಗಿ ಹೊಸ್ತಿಲಾಚೆ ಕೂತಿತು. ಅವರು ಓಡಿಸಲಿಲ್ಲ. ಬಾಳೆಹಣ್ಣಿನ ಚೂರು ಎಸೆದರು. ವಿಭೂತಿ ಮಾತ್ರ ಇಡಲಿಲ್ಲ. ಮಂಡಿಗೆ ಬಂದ ಹೊಸ ದಲ್ಲಾಳಿಯೊಬ್ಬ, ಮಾಂಸ ಮುಟ್ಟದ ನಾಯಿ ಇದೆಯಂತಲ್ಲ ಯಜಮಾನರೇ ಎಂದು ಕೇಳಿದಾಗ ಕೊಟ್ಟೂರಪ್ಪನವರು, "ಮಜ್ಜಿಗೆ ಆರೋಯ್ತದೆ, ಕುಡೀರಿ," ಎಂದರು. ಮಜ್ಜಿಗೆ ಆರುವುದೇನು ಬಂತು ಎಂದು ದಲ್ಲಾಳಿಗೆ ತಿಳಿಯಲಿಲ್ಲ.

ಮುಂದಿನ ಸಂತೆಗೆ ಮೊದಲು ಅವರು ಜಗುಲಿಯ ಮೇಲೆ ಕೂತು ಕತ್ತಾಳೆ ನಾರು ಹೊಸೆಯುತ್ತಿದ್ದರು. ಕಡಲೆಗಿಡ ಮೇಯಬಾರದೆಂದು ಎತ್ತಿನ ಬಾಯಿಗೆ ಹಾಕುವ ಕುಕ್ಕೆಯನ್ನು ಹೆಣೆಯುವುದು ಅವರಿಗೆ ಬರುತ್ತಿತ್ತು. ಇದು ಅದಕ್ಕಿಂತ ಬಹಳ ಚಿಕ್ಕದು. ಎರಡು ಸಲ ಅಳತೆ ತಪ್ಪಿ ಬಿಚ್ಚಿದರು. ಮುಗಿದ ಮೇಲೆ ಸೊಸೆಯ ಕಡೆ ನೋಡದೆ ಕಂಬದ ಹತ್ತಿರ ಹಾಕಿದರು.

"ಸಂತೆ ದಿನ ಹಾಕು. ಬಿಚ್ಕಳಾಕಾಗ್ಬಾರ್ದು, ಉಸಿರು ಮಾತ್ರ ಆಡ್ಬೇಕು. ಕಟ್ಟೂ ಹಾಕು. ಊಳಿಟ್ರೆ ಇಡ್ಲಿ."

ನಾಯಿಗೆ ಅದು ಹಿಡಿಸಲಿಲ್ಲ. ಕುಕ್ಕೆಯನ್ನು ಕಂಬಕ್ಕೆ ತಿಕ್ಕಿತು, ಮುಂಗಾಲಲ್ಲಿ ಎಳೆಯಿತು, ಊಳಿಟ್ಟಿತು. ಭ್ರಮರಾಂಬ ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದಳು. ತೋಟಪ್ಪನ ಮನೆಯವರು ಇಣುಕಿ ನಕ್ಕರು. ನಗಲಿ ಎಂದುಕೊಂಡಳು.

ಮೊದಲೆಲ್ಲ ದೊರೆ ಬೇಲಿ ನುಸುಳಿ ಬಂದರೆ ಅವಳ ಕಣ್ಣು ಅದರ ಬಾಯಿಯ ಮೇಲೆ ಹೋಗುತ್ತಿತ್ತು. ಈಗ, ಬಿಟ್ಟಿರುವ ದಿನಗಳಲ್ಲಿ ಅದು ಬಂದರೆ, ಮೊದಲು ಕಾಲು ನೋಡುತ್ತಾಳೆ. ಮಂಡಿ ಮಡಚುತ್ತದೆಯೇ ಎಂದು ನೋಡಿ, ಮಡಚಿದ ಮೇಲೆ ಉಸಿರು ಬಿಡುತ್ತಾಳೆ.